ವೈರ್‌ಲೆಸ್ ಮಾಮನ ಅಕ್ಷರಮಾಲೆ

ಅವರ ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳುಗಳೂ ಯಾವಾಗಲೂ ಒಂದಕ್ಕೊಂದು ತಾಗಿಕೊಂಡೇ ಇರುತ್ತಿದ್ದವು. ಒಂದು ಚಿಟಿಕೆ ಉಪ್ಪು ಹಿಡಿದು, ಅದನ್ನು ಯಾವ ಪಾತ್ರೆಗೆ ಹಾಕಬೇಕೆಂದು ಮರೆತು ನಿಂತವರ ಹಾಗೆ. ಬೆರಳುಗಳು ಸುಮ್ಮನಿದ್ದರೂ ಮಣಿಕಟ್ಟು ಸುಮ್ಮನಿರುತ್ತಿರಲಿಲ್ಲ. ಬಸ್ಸಿನ ಸೀಟಿನ ಕಂಬಿಯ ಮೇಲೆ, ಚಹಾದಂಗಡಿಯ ಮೇಜಿನ ಮೇಲೆ, ಕೂತಲ್ಲಿ ತಮ್ಮದೇ ಮೊಣಕಾಲಿನ ಮೇಲೆ ಅದು ಮೆಲ್ಲಗೆ ಏಳುತ್ತ ಬೀಳುತ್ತ ಇರುತ್ತಿತ್ತು. ನಾವೆಲ್ಲ ಅದನ್ನು ವಯಸ್ಸಿನ ನಡುಕ ಎಂದುಕೊಂಡಿದ್ದೆವು. ದಾರಿಯಲ್ಲಿ ಕಂಡ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಬರಹ, ಯಾರೋ ಆಡಿದ ಮಾತು, ಎಲ್ಲವನ್ನೂ ಆ ಕೈ ತನ್ನಷ್ಟಕ್ಕೆ ಯಾರಿಗೋ ಕಳಿಸುತ್ತಿದೆ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಅವರು ಸರಕು ಹಡಗುಗಳಲ್ಲಿ ಇಪ್ಪತ್ತೇಳು ವರ್ಷ ವೈರ್‌ಲೆಸ್ ಆಫೀಸರ್ ಆಗಿದ್ದವರು. ಗಿಡ್ಡ ಸದ್ದು ಚುಕ್ಕೆ, ಉದ್ದ ಸದ್ದು ಗೆರೆ; ಈ ಎರಡನ್ನೇ ಹೆಣೆದು ಹಡಗಿನ ಸುದ್ದಿಯನ್ನು ದಡಕ್ಕೂ ದಡದ ಸುದ್ದಿಯನ್ನು ಹಡಗಿಗೂ ಮುಟ್ಟಿಸುವುದು ಅವರ ಕೆಲಸ. ಅವರ ಹಿರಿಯರೆಲ್ಲ ಅಂಕೋಲೆಯ ಹತ್ತಿರದ ಕೇಣಿಯ ದಂಡೆಯಲ್ಲಿ ಬಲೆ ಬೀಸಿದವರು. ಮೀನಿಗಲ್ಲದೆ ಬೇರೆ ಕಾರಣಕ್ಕೆ ಸಮುದ್ರಕ್ಕೆ ಹೋದವರು ಆ ಮನೆತನದಲ್ಲಿ ಇವರೇ ಮೊದಲು. ಉಪಗ್ರಹಗಳು ಬಂದು ಚುಕ್ಕೆ-ಗೆರೆಯ ಕೆಲಸ ಮುಗಿದಾಗ ಹಡಗಿನವರು ಅವರನ್ನು ಮರ್ಯಾದೆಯಿಂದಲೇ ಇಳಿಸಿ ಕಳಿಸಿದರು. ಎರಡು ಸಾವಿರದ ಇಸವಿ ಹುಟ್ಟಿದ ಹೊಸತರಲ್ಲಿ ಅವರು ಒಂದು ಕಬ್ಬಿಣದ ಪೆಟ್ಟಿಗೆಯೊಂದಿಗೆ ನಮ್ಮೂರು ಭಾವಿಕೇರಿಗೆ ಬಂದು, ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಒಬ್ಬರೇ ಉಳಿದರು. ಊರು ಅವರನ್ನು ವೈರ್‌ಲೆಸ್ ಮಾಮ ಎಂದು ಕರೆಯಿತು. ನಾನೂ ಹಾಗೇ ಕರೆದೆ.

ಅವರದೊಂದು ವಿಚಿತ್ರ ಅಭ್ಯಾಸ ಊರಿಗೆಲ್ಲ ಗೊತ್ತಿತ್ತು. ಅವರ ಜಗಲಿಯ ಗೋಡೆಗಡಿಯಾರದ ಮುಖದ ಮೇಲೆ ಎರಡು ಕಡೆ ಕೆಂಪು ಬಣ್ಣ ಬಳಿದಿದ್ದರು. ಹಡಗಿನ ವೈರ್‌ಲೆಸ್ ಕೋಣೆಯ ಗಡಿಯಾರಕ್ಕೆ ಹಾಗೆ ಇರುತ್ತಿತ್ತಂತೆ. ನಿಮಿಷದ ಮುಳ್ಳು ಆ ಕೆಂಪಿಗೆ ಬಂದಾಗ, ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಸಮುದ್ರದ ಮೇಲಿನ ಹಡಗುಗಳೆಲ್ಲ ಸಂದೇಶ ಕಳಿಸುವುದನ್ನು ನಿಲ್ಲಿಸಬೇಕು; ಎಲ್ಲಾದರೂ ಮುಳುಗುತ್ತಿರುವ ಹಡಗಿನ ಕ್ಷೀಣ ಕೂಗು ಕೇಳುತ್ತದೆಯೇ ಎಂದು ಕಿವಿಗೊಡಬೇಕು. ಹಡಗು ಬಿಟ್ಟ ಮೇಲೂ ಅವರು ಆ ನಿಯಮ ಬಿಡಲಿಲ್ಲ. ಬಂಗಡೆ ಮೀನಿನ ದರದ ಮಾತಾಗಲಿ, ಸಾವಿನ ಮನೆಯ ಸಮಾಧಾನವಾಗಲಿ, ಅರ್ಧ ವಾಕ್ಯದಲ್ಲಿ ಕೈ ಎತ್ತಿ ಸುಮ್ಮನಾಗುತ್ತಿದ್ದರು. ಮೂರು ನಿಮಿಷ ಕಳೆದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಹೊಸಬರು ಗಾಬರಿಯಾಗುತ್ತಿದ್ದರು, ಹಳಬರು ಬೀಡಿ ಹಚ್ಚಿಕೊಳ್ಳುತ್ತಿದ್ದರು. ನನಗೋ ಆ ಮೂರು ನಿಮಿಷ ಬಹಳ ಇಷ್ಟ. ಅಷ್ಟು ಹೊತ್ತು ಮಾತ್ರ ಭಾವಿಕೇರಿಯ ಮಧ್ಯಾಹ್ನ ಪೂರ್ತಿಯಾಗಿ ಕೇಳಿಸುತ್ತಿತ್ತು. ದೂರದ ಅಲೆ, ತೆಂಗಿನ ಗರಿಯ ಸದ್ದು, ಯಾರದೋ ಬಾವಿಯ ರಾಟೆ, ಅದರಾಚೆ ಇನ್ನೂ ಏನೋ, ಹೆಸರಿಲ್ಲದ್ದು.

ನಾನು ಆಗ ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹಿಡಿದರೆ ಸಂಜೆಯ ಬಸ್ಸಿಗೆ ಮನೆ. ಕಚೇರಿಗೆ ಕಂಪ್ಯೂಟರುಗಳು ಬಂದು ಟೈಪ್‌ರೈಟರುಗಳು ಒಂದೊಂದಾಗಿ ಕಪಾಟಿನ ಹಿಂದಕ್ಕೆ ಸರಿಯುತ್ತಿದ್ದ ಕಾಲ. ಭಾನುವಾರ ಮಾಮನ ಜಗಲಿಯಲ್ಲಿ ಕೂತರೆ ಅವರು ಮೀನುಗಾರರ ದೋಣಿಯ ವೈರ್‌ಲೆಸ್ ಸೆಟ್ಟು ಬಿಚ್ಚಿಟ್ಟುಕೊಂಡು, ಬೆಸುಗೆಯ ಹೊಗೆಯ ಮಧ್ಯೆ, ಈ ಯಂತ್ರಗಳನ್ನೆಲ್ಲ ಕಂಡುಹಿಡಿದವರ ಕತೆ ಹೇಳುತ್ತಿದ್ದರು. ಹೆಸರು ಮಾತ್ರ ಎಂದೂ ಹೇಳಲಿಲ್ಲ. ಕೇಳಿದರೆ, "ಹೆಸರು ಪುಸ್ತಕದಲ್ಲಿ ಅದೆ, ಓದ್ಕೊ ತಂಗಿ. ನಾ ಹೇಳೂದು ಅವರ ಮನೆ ಸುದ್ದಿ" ಎನ್ನುತ್ತಿದ್ದರು.

ಟೆಲಿಫೋನು ಕಂಡುಹಿಡಿದವನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಅವನು ಚಿಕ್ಕಂದಿನಲ್ಲಿ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ಮಾತಾಡುತ್ತಿದ್ದನಂತೆ, ಮಾತಿನ ಕಂಪನವಾದರೂ ಮುಟ್ಟಲಿ ಎಂದು. ಮುಂದೆ ಮದುವೆಯಾದದ್ದೂ ಕಿವಿ ಕೇಳದ ಹುಡುಗಿಯನ್ನೇ. ಟೈಪ್‌ರೈಟರಿನ ಹಳೆಯ ಅಜ್ಜನಂಥ ಒಂದು ಯಂತ್ರವನ್ನು ಇಟಲಿಯಲ್ಲಿ ಯಾರೋ ಮಾಡಿದ್ದು ಕಣ್ಣು ಕಾಣದ ಗೆಳತಿಯೊಬ್ಬಳು ತನ್ನ ಕಾಗದ ತಾನೇ ಬರೆಯಲಿ ಎಂದು. ಚುಕ್ಕೆ-ಗೆರೆಯ ಮನುಷ್ಯನಂತೂ ಯಂತ್ರದವನೇ ಅಲ್ಲ, ಚಿತ್ರಕಾರ. ದೂರದ ಪಟ್ಟಣದಲ್ಲಿ ಯಾರದೋ ಚಿತ್ರ ಬರೆಯುತ್ತಿದ್ದಾಗ ಹೆಂಡತಿ ತೀರಿಕೊಂಡಳೆಂದು ಕಾಗದ ಬಂತು. ಅವನು ಮನೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮಾಮನ ಲೆಕ್ಕದಲ್ಲಿ ಈ ವಿದ್ಯೆಯೆಲ್ಲ ಹುಟ್ಟಿದ್ದು ಏಳು ಸಮುದ್ರದಾಚೆಯವರ ಜೊತೆ ಮಾತಾಡಲಿಕ್ಕಲ್ಲ, ಮನೆಯೊಳಗೇ ಮುಟ್ಟಲಾಗದೆ ಹೋದ ಒಬ್ಬರಿಗಾಗಿ. ನಾನು ಇದನ್ನು ಮಧ್ಯಾಹ್ನದ ಜೊಂಪಿನಲ್ಲಿ ಕೇಳುತ್ತಿದ್ದೆ. ನಮ್ಮ ಮನೆಯಲ್ಲೂ ಅಂಥದೊಂದು ಶುರುವಾಗಿತ್ತೆಂದು ಗೊತ್ತಿದ್ದೂ ಆ ಕತೆಗಳನ್ನು ನನ್ನದಕ್ಕೆ ಜೋಡಿಸಿ ನೋಡಿರಲಿಲ್ಲ.

ನನ್ನ ಅಮ್ಮ ಭಾವಿಕೇರಿಯ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು. ಊರಿಗೆಲ್ಲ ಅಕ್ಕೋರು. ಅವಳ ಪಾಠ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುತ್ತಿತ್ತು. ಆ ಅಮ್ಮನ ನಾಲಿಗೆ ಒಂದು ದಿನ 'ಳ'ಕಾರದಲ್ಲಿ ಎಡವಿತು. ಆಮೇಲೆ 'ರ'ಕಾರದಲ್ಲಿ. ವರ್ಷದೊಳಗೆ ಮಾತು ಪೂರ್ತಿ ಹೋಯಿತು. ನರಗಳು ಒಂದೊಂದಾಗಿ ಒಣಗುವ ಕಾಯಿಲೆ, ಔಷಧವಿಲ್ಲ, ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿರುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ನಾವು ಅದನ್ನು ಸಮಾಧಾನದ ಮಾತು ಎಂದುಕೊಂಡೆವು. ಅದೇ ಶಿಕ್ಷೆ ಎಂದು ನಿಧಾನವಾಗಿ ತಿಳಿಯಿತು. ಸ್ವಲ್ಪ ದಿನ ಪಾಟಿಯ ಮೇಲೆ ಬರೆದು ತೋರಿಸಿದಳು. ಅಕ್ಷರಗಳು ದೊಡ್ಡದಾಗುತ್ತ, ಸೊಟ್ಟಗಾಗುತ್ತ ಹೋಗಿ ಒಂದು ದಿನ ಬಳಪ ಬೆರಳಿನಿಂದ ಜಾರಿತು.

ನಾನು ರಟ್ಟಿನ ಮೇಲೆ ವರ್ಣಮಾಲೆ ಬರೆದು ತಂದೆ. 'ಅ'ದಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಹೋಗುವುದು, ಬೇಕಾದದ್ದು ಬಂದಾಗ ಅಮ್ಮ ಕಣ್ಣು ಮಿಟುಕಿಸುವುದು. ಒಂದು ಮಾತಿಗೆ ಎಷ್ಟು ಸಲ 'ಅ'ದಿಂದ 'ಳ'ದವರೆಗೆ ನಡೆಯಬೇಕು! ನಾನು ಅವಸರದಲ್ಲಿ ಬೇಕಾದ ಅಕ್ಷರ ದಾಟಿ ಹೋಗುತ್ತಿದ್ದೆ, ಇಲ್ಲವೇ ಅರ್ಧ ಶಬ್ದಕ್ಕೇ ಊಹಿಸಿ, "ನೀರಾ? ಮಗ್ಗುಲು ಬದಲಿಸಬೇಕಾ?" ಎನ್ನುತ್ತಿದ್ದೆ. ಒಂದು ಭಾನುವಾರ ಅಮ್ಮ ಕಣ್ಣು ಮುಚ್ಚಿದಳು. ಎಷ್ಟು ಕರೆದರೂ ರಟ್ಟಿನ ಕಡೆ ನೋಡಲಿಲ್ಲ. ಅವತ್ತಿನಿಂದ ಅದನ್ನು ಬಾಗಿಲ ಹಿಂದೆ ಇಟ್ಟೆವು.

ಹಗಲು ಅಮ್ಮನನ್ನು ನೋಡಿಕೊಳ್ಳಲು ಚಿಕ್ಕಮ್ಮ ಬಂದು ನಿಂತಿದ್ದಳು. ಅಕ್ಕನಿಗೆ ಬೇಸರ ಕಳೆಯಲೆಂದು ದಿನಾ ಬೆಳಿಗ್ಗೆ ಒಂದೇ ಭಜನೆಯ ಕ್ಯಾಸೆಟ್ಟು ಹಾಕುತ್ತಿದ್ದಳು. ಸಂಜೆ ನಾನು ಒಳಗೆ ಕಾಲಿಟ್ಟಾಗ ಅಮ್ಮ ನನ್ನನ್ನು ಒಂದು ಗಳಿಗೆ ನೋಡುತ್ತಿದ್ದಳು. ಆಮೇಲೆ, ಆ ಕುತ್ತಿಗೆಯಲ್ಲಿ ಉಳಿದಿದ್ದ ಬಲವನ್ನೆಲ್ಲ ಕೂಡಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ದಿನಾ ಹೀಗೆಯೇ. ಮಗಳು ಕೆಲಸ ಬಿಟ್ಟು ಹತ್ತಿರ ಕೂರಲಿಲ್ಲವೆಂದು ಅಕ್ಕನಿಗೆ ಸಿಟ್ಟು ಎಂದು ಚಿಕ್ಕಮ್ಮ ನೊಂದುಕೊಂಡೇ ಹೇಳಿದಳು. ನನಗೂ ಬೇರೆ ಅರ್ಥ ಹೊಳೆಯಲಿಲ್ಲ. ಕಚೇರಿಯಲ್ಲಿ ಎಷ್ಟೋ ಜನರ ಅರ್ಜಿ ಟೈಪು ಹೊಡೆದ ನಾನು ಒಂದು ಮಧ್ಯಾಹ್ನ ನನ್ನದೇ ರಾಜೀನಾಮೆ ಹೊಡೆದು ಚೀಲದಲ್ಲಿಟ್ಟುಕೊಂಡೆ. ಕೊಡುವ ಧೈರ್ಯ ಬರಲಿಲ್ಲ. ಅದು ಎಂಟು ತಿಂಗಳು ನನ್ನ ಜೊತೆ ಕಾರವಾರಕ್ಕೆ ಹೋಗಿ ಬಂದು ಮಾಡಿತು.

ಬೇಸಿಗೆಯ ಒಂದು ಭಾನುವಾರ ಮಾಮ ಮನೆಗೆ ಬಂದರು. ಕರಿ ಇಶಾಡು ಮಾವಿನ ಹಣ್ಣಿನ ರಸ ಹಿಂಡಿ ಪುಟ್ಟ ಬಟ್ಟಲಲ್ಲಿ ತಂದಿದ್ದರು. ನುಂಗಲು ಆಗದ ಅಮ್ಮನ ನಾಲಿಗೆಗೆ ಚಿಕ್ಕಮ್ಮ ಅದನ್ನು ಬೆರಳಿನಲ್ಲಿ ಸವರಿದಳು. ಮಾಮ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಏನೋ ಹೇಳುತ್ತಿದ್ದವರು ಮಧ್ಯದಲ್ಲಿ ಸುಮ್ಮನಾದರು. ಮುಳ್ಳು ಕೆಂಪಿಗೆ ಬಂದಿರಬೇಕು ಎಂದು ನಾನೂ ಸುಮ್ಮನಿದ್ದೆ. ಅವರ ಕಣ್ಣು ಅಮ್ಮನ ಎಡಗೈಯ ಮೇಲಿತ್ತು. ನಾವು ಸತ್ತೇ ಹೋಗಿದೆ ಎಂದುಕೊಂಡಿದ್ದ ಆ ಕೈಯ ತೋರುಬೆರಳು, ಹಾಸಿಗೆಯ ಬಟ್ಟೆಯನ್ನು ಒಂದು ಕೂದಲೆಳೆಯಷ್ಟು ಒತ್ತಿ ಬಿಡುತ್ತಿತ್ತು. ಮತ್ತೆ ಒತ್ತಿ ಬಿಡುತ್ತಿತ್ತು.

"ತಂಗಿ, ಅಕ್ಕೋರ ಬೆರಳು ಸುಮ್ಮನೆ ಇಲ್ಲ" ಎಂದರು ಮೂರು ನಿಮಿಷದ ಮೇಲೆ. "ನಿಮಗೆ ಕೇಳೂಕೆ ಬರೂದಿಲ್ಲ, ಅಷ್ಟೇ."

ಉಸಿರು ತಾಗಿದರೂ ಒತ್ತಿಕೊಳ್ಳುವಂಥ ಒಂದು ಗುಂಡಿ ಬೇಕು ಎಂದರು. ನಮ್ಮ ಕಚೇರಿಯಲ್ಲಿ ಕೆಟ್ಟುಹೋದ ಮೌಸುಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಎಸೆದಿಟ್ಟಿದ್ದರು. ಸಾಹೇಬರನ್ನು ಕೇಳಿ ಒಂದನ್ನು ತಂದೆ. ಮಾಮ ಅದನ್ನು ಏಡಿ ಬಿಡಿಸುವ ಹಾಗೆ ಬಿಡಿಸಿದರು. ಮೊದಲನೆಯ ಮೌಸು ಮರದ್ದಂತೆ, ಒಳಗೆ ಎರಡು ಗಾಲಿ, ಹಿಂದೆ ಬಾಲದ ಹಾಗೆ ಒಂದು ತಂತಿ. ಅದನ್ನು ಮಾಡಿದವನು ಮನುಷ್ಯರ ಕೈಗೂ ಯಂತ್ರಕ್ಕೂ ನಡುವೆ ಇರುವ ದೂರವನ್ನು ಕಡಿಮೆ ಮಾಡಬೇಕೆಂದು ಜೀವಮಾನವೆಲ್ಲ ತಲೆ ಕೆಡಿಸಿಕೊಂಡಿದ್ದನಂತೆ. ಅವನ ಮನೆ ಸುದ್ದಿ ತಮಗೆ ಗೊತ್ತಿಲ್ಲವೆಂದು ಮಾಮ ಬೇಸರಪಟ್ಟರು. ಒಳಗಿಂದ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಸ್ವಿಚ್ಚು ತೆಗೆದು, ಅದಕ್ಕೆ ಬ್ಯಾಟರಿಯೂ ಸಣ್ಣದಾಗಿ ಗುಂಯ್‌ಗುಡುವ ಒಂದು ಬಜರೂ ಸೇರಿಸಿ, ಅಮ್ಮನ ಬೆರಳಿನ ಅಳತೆಗೆ ತೆಂಗಿನ ಚಿಪ್ಪಿನ ಚೂರನ್ನು ಉಜ್ಜಿ ಉಜ್ಜಿ ಕೂರಿಸಿದರು. ಒತ್ತಿ ಬಿಟ್ಟರೆ ಚುಕ್ಕೆ, ಒತ್ತಿ ಹಿಡಿದರೆ ಗೆರೆ.

ಯಂತ್ರ ಎರಡು ದಿನದಲ್ಲಿ ಆಯಿತು. ಭಾಷೆಯೇ ಕಷ್ಟ. ಚುಕ್ಕೆ-ಗೆರೆಯ ಸಂಕೇತ ಇರುವುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆ. ಅದನ್ನೇ ಕಲಿಸಿದರೆ ಸಾಕಲ್ಲ ಎಂದೆ. "ಜನ್ಮವಿಡೀ ಕನ್ನಡ ಕಲಿಸಿದವರಿಗೆ, ಇಂಗ್ಲಿಷಲ್ಲಿ ನೀರು ಕೇಳಿ ಅನ್ನೂಕೆ ನಂಗೆ ಬಾಯಿ ಬರೂದಿಲ್ಲ" ಎಂದರು. ಕನ್ನಡಕ್ಕೆ ಹೊಸ ಸಂಕೇತ ಕಟ್ಟಬೇಕಾಯಿತು. ಹೆಚ್ಚು ಬಳಸುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ. ಇಲ್ಲದಿದ್ದರೆ ಬೆರಳು ದಣಿಯುತ್ತದೆ. ಆದರೆ ಹೆಚ್ಚು ಬಳಸುವ ಅಕ್ಷರ ಯಾವುದೆಂದು ಯಾರನ್ನು ಕೇಳುವುದು?

ಆ ಚಿತ್ರಕಾರನಿಗೊಬ್ಬ ಸಹಾಯಕ ಇದ್ದನಂತೆ. ಅವನು ಒಂದು ಅಚ್ಚುಕೂಟಕ್ಕೆ ಹೋಗಿ, ಯಾವ ಅಕ್ಷರದ ಮೊಳೆಗಳು ಎಷ್ಟಿವೆ ಎಂದು ಎಣಿಸಿ ಬಂದನಂತೆ. ಅದೇ ದಾರಿ ಹಿಡಿದು ಮಾಮ ನನ್ನನ್ನು ಅಂಕೋಲೆಯ ಒಂದು ಹಳೆಯ ಅಚ್ಚುಕೂಟಕ್ಕೆ ಕರೆದುಕೊಂಡು ಹೋದರು. ಸೀಸದ ಮೊಳೆ ಜೋಡಿಸಿ ಮದುವೆ ಕಾಗದ ಅಚ್ಚು ಹಾಕುವುದು ಇನ್ನೂ ಅಲ್ಲಿ ನಿಂತಿರಲಿಲ್ಲ. ಮೊಳೆ ಜೋಡಿಸುವ ಮುದುಕರೊಬ್ಬರ ಕೈಬೆರಳ ಗೆರೆಗಳಲ್ಲೆಲ್ಲ ಮಸಿ. ಮೊಳೆ ಪೆಟ್ಟಿಗೆಯಲ್ಲಿ ಬೇಗ ಖಾಲಿಯಾಗುವ ಅಕ್ಷರದ ಮನೆ ಯಾವುದು ಎಂದು ಮಾಮ ಕೇಳಿದರು. ಮುದುಕರು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಕಣ್ಣು ಅರೆಮುಚ್ಚಿ, ಗಾಳಿಯಲ್ಲಿ ಕೈಯಾಡಿಸುತ್ತ, ಎಷ್ಟೋ ವರ್ಷ ಆ ಕೈ ನಡೆದ ದಾರಿಯನ್ನು ನೆನಪು ಮಾಡಿಕೊಂಡು, "ನ... ರ... ದ... ತ..." ಎಂದು ಒಂದೊಂದೇ ಹೇಳುತ್ತ ಹೋದರು. ಮಾಡಿನ ಗಾಜಿನ ಹಂಚಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಮಾಮ ಬರೆದುಕೊಳ್ಳುತ್ತಿದ್ದರು. ಕನ್ನಡ ಅಂದರೆ ಹೀಗೆ ಒಬ್ಬರ ತೋಳಿನ ನೋವಿನಲ್ಲಿ ಲೆಕ್ಕ ಇಟ್ಟ ಭಾಷೆ ಎಂದು ನನಗೆ ಅದಕ್ಕೆ ಮುಂಚೆ ತಿಳಿದಿರಲಿಲ್ಲ.

ಎರಡು ವಾರದಲ್ಲಿ ಮಾಮ ಹಡಗಿನ ಹಳೆಯ ಫಾರಮ್ಮುಗಳ ಹಿಂಬದಿಯಲ್ಲಿ ಒಂದು ಅಕ್ಷರಮಾಲೆ ಬರೆದು ತಂದರು. ಬೆರಳಿಗೆ ಸುಲಭವಾಗಲೆಂದು ಮಹಾಪ್ರಾಣಗಳನ್ನೆಲ್ಲ ಬಿಟ್ಟಿದ್ದರು. ಖ, ಘ, ಭ, ಧ ಯಾವುದೂ ಇರಲಿಲ್ಲ. ದಿನಾ ಮಧ್ಯಾಹ್ನ ಬಂದು ಕಲಿಸಿದರು. ಅವರು ಬಾಯಲ್ಲಿ ಸದ್ದು ಮಾಡುವುದು, ಅಮ್ಮ ಬೆರಳಲ್ಲಿ ಒಪ್ಪಿಸುವುದು. ಅಷ್ಟು ವರ್ಷ ಕಲಿಸಿದ ಅಮ್ಮ ಒಂಬತ್ತೇ ದಿನದಲ್ಲಿ ಕಲಿತಳು. ಹತ್ತನೆಯ ದಿನ ತಿಂಗಳ ಎರಡನೆಯ ಶನಿವಾರ, ನನಗೆ ರಜೆ; ಮಾಮ ಅವತ್ತು ಬೆಳಿಗ್ಗೆಯೇ ಬಂದರು. ಚಿಕ್ಕಮ್ಮ ಎಂದಿನಂತೆ ಭಜನೆ ಹಾಕಿದ್ದಳು. ಬಜರು ಗುಂಯ್‌ಗುಟ್ಟತೊಡಗಿತು. ಮಾಮ ಒಂದೊಂದೇ ಅಕ್ಷರ ಬರೆದುಕೊಂಡು, ಕಾಗದ ನೋಡಿ, ಸ್ವಲ್ಪ ಹೊತ್ತು ಚಿಕ್ಕಮ್ಮನ ಮುಖ ನೋಡಲಾರದೆ ಕೂತು, ಆಮೇಲೆ ನನ್ನ ಕೈಗೆ ಕೊಟ್ಟರು.

ಎರಡು ವರ್ಷದ ಮೌನದ ಮೇಲೆ ಅಮ್ಮ ಹೇಳಿದ ಮೊದಲ ಮಾತು: ಆ ಕ್ಯಾಸೆಟ್ ಸಾಕು.

ಚಿಕ್ಕಮ್ಮ ನಕ್ಕಳೋ ಅತ್ತಳೋ, ಅವಳಿಗೇ ಗೊತ್ತಿರಲಿಲ್ಲ. ಟೇಪ್‌ರೆಕಾರ್ಡರ್ ನಿಲ್ಲಿಸಲು ಹೋಗಿ ಬೇರೆ ಗುಂಡಿ ಒತ್ತಿ ಸದ್ದು ಇನ್ನೂ ಜೋರಾಯಿತು.

ಮರುದಿನದ ಮಾತು ಮಾಮನಿಗೆ. ಬೆರಳು ಬಹಳ ಹೊತ್ತು ನಡೆಯಿತು. ಕಾಗದದಲ್ಲಿ ಮೂಡಿದ್ದು: ಬಾವಿಕೇರಿ ತಪ್ಪು. ಮಾಮ ತಲೆ ತಗ್ಗಿಸಿದರು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ. ಒಂದು ಅಕ್ಷರ ಹೆಚ್ಚಾದರೆ ಸಂಕೇತ ಉದ್ದವಾಗುತ್ತದೆ, ದಣಿವಾಗುತ್ತದೆ ಎಂದು ಮೆಲ್ಲಗೆ ವಿವರಿಸಿದರು. ಅಮ್ಮ ಕೇಳಿಸಿಕೊಂಡು ಉತ್ತರ ಕೊಟ್ಟಳು: ದಣಿಯುವುದು ನನ್ನ ಬೆರಳು. ಅಂದೇ ಸಂಜೆ ಮಾಮ ಮಹಾಪ್ರಾಣಗಳನ್ನೆಲ್ಲ ಸೇರಿಸಿದರು. ಮೂಲ ಅಕ್ಷರದ ಕೊನೆಗೆ ಇನ್ನೊಂದು ಚುಕ್ಕೆ, ಇನ್ನಷ್ಟು ಉಸಿರು ಎಂಬಂತೆ. ಆಮೇಲೆ ಅಮ್ಮ ಊರಿನ ಹೆಸರನ್ನು ಸರಿಯಾಗಿ ಬರೆದಳು, ಕಾರಣವಿಲ್ಲದೆ, ಎರಡು ಸಲ.

ನನಗೆ ಸದ್ದು ಕೇಳಿ ಅಕ್ಷರ ಹಿಡಿಯಲು ತಿಂಗಳು ಬೇಕಾಯಿತು. ಬಸ್ಸಿನಲ್ಲಿ ಕಣ್ಣು ಮುಚ್ಚಿ, ಮಾಮನ ಕಾಗದ ಮಡಿಲಲ್ಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಹಾರವಾಡ, ಅವರ್ಸಾ ದಾಟುವಾಗ ಕಿಟಕಿಯಲ್ಲಿ ಸಮುದ್ರ ಕಂಡು ಮರೆಯಾಗುತ್ತಿತ್ತು, ಕಂಡು ಮರೆಯಾಗುತ್ತಿತ್ತು, ಅದೂ ಏನೋ ಹೇಳುತ್ತಿದೆ ಎನಿಸುತ್ತಿತ್ತು. ಮಳೆಗಾಲದ ಒಂದು ಸಂಜೆ ಬಸ್ಸು ತಡವಾಯಿತು. ಒದ್ದೆಯಾಗಿ ಒಳಗೆ ಬಂದೆ. ಅಮ್ಮ ನನ್ನನ್ನು ನೋಡಿದಳು, ದಿನದಂತೆ ಮುಖ ಗೋಡೆಗೆ ತಿರುಗಿಸಿದಳು. ನಾನು ಚೀಲ ಇಳಿಸುತ್ತಿದ್ದೆ. ಬಜರು ಶುರುವಾಯಿತು. ಯಾರೂ ಬರೆದುಕೊಡದೆ, ನಿಂತಲ್ಲೇ, ಒಂದೊಂದೇ ಅಕ್ಷರ ನನ್ನ ಕಿವಿಗೆ ಬಂತು: ಇಂದು ಇಪ್ಪತ್ತು ನಿಮಿಷ ತಡ.

ಆಗ ನಾನು ಅಮ್ಮ ನೋಡುತ್ತಿದ್ದ ಕಡೆ ನೋಡಿದೆ. ಆ ಗೋಡೆಯಲ್ಲಿ ನಮ್ಮ ಗಡಿಯಾರವಿತ್ತು.

ಇಷ್ಟೂ ತಿಂಗಳು, ದಿನಾ, ನಾನು ಬಂದ ಕೂಡಲೆ ಅವಳು ಗಡಿಯಾರ ನೋಡುತ್ತಿದ್ದಳು. ಎಷ್ಟು ಹೊತ್ತು ಕಾದೆ ಎಂದು ನೋಡುತ್ತಿದ್ದಳು. ನಾನು ಮಂಚದ ಕಾಲಿನ ಹತ್ತಿರ ಕೂತೆ. ಸಿಟ್ಟು ಎಂದುಕೊಂಡಿದ್ದೆ ಎಂದು ಹೇಳಿದೆ. ಚೀಲದಿಂದ ರಾಜೀನಾಮೆ ತೆಗೆದು ತೋರಿಸಿದೆ. ಮಡಿಕೆಗಳಲ್ಲಿ ಅದು ಹರಿಯಲು ಬಂದಿತ್ತು. ಬಜರು ಮತ್ತೆ ಗುಂಯ್‌ಗುಟ್ಟಿತು. ಎರಡು ಮಾತು. ಮೊದಲನೆಯದು, ದಡ್ಡಿ. ಎರಡನೆಯದು, ಹರಿ. ನಾನು ಹರಿದೆ.

ಮಾಮನಿಗೆ ಇದನ್ನು ಹೇಳಿ, ನಿಮ್ಮ ಋಣ ಹೇಗೆ ತೀರಿಸಲಿ ಎಂದು ಏನೋ ತೊದಲಿದೆ. ಅವರು ಜಗಲಿಯ ಮೇಲೆ ಕೂತು ಮಳೆ ನೋಡುತ್ತಿದ್ದರು. ಋಣದ ಮಾತು ಬಿಟ್ಟು ತಮ್ಮ ಕತೆ ಹೇಳಿದರು, ಅದೊಂದೇ ಸಲ.

ಮದುವೆಯಾಗಿ ಆರನೆಯ ವರ್ಷ. ಹಡಗು ನಡುಸಮುದ್ರದಲ್ಲಿತ್ತು. ದಡದ ಕೇಂದ್ರ ಇವರ ಹಡಗನ್ನು ಕರೆಯಿತು. ಒಂದು ತಂತಿ ಇದೆ, ಬರೆದುಕೊಳ್ಳಿ ಎಂದಿತು. ಅಭ್ಯಾಸವಾದ ಕೈ ಮನಸ್ಸಿಗಿಂತ ಮುಂದೆ ಓಡುತ್ತದೆ. ಇವರ ಕೈ ಬರೆಯುತ್ತ ಹೋಯಿತು. ಹಡಗಿನಲ್ಲಿ ಯಾರದೋ ಮನೆಯಲ್ಲಿ ಸಾವು ಎಂದು ಮನಸ್ಸು ಅಯ್ಯೋ ಅನ್ನುತ್ತಿರುವಾಗಲೇ ಕೈ ಇವರ ಹೆಂಡತಿಯ ಹೆಸರನ್ನು ಬರೆದು ಮುಗಿಸಿತ್ತು. ಅನುಮಾನವಿದ್ದ ಶಬ್ದವನ್ನು ಮತ್ತೊಮ್ಮೆ ಕೇಳಬಹುದು ಎಂದು ನಿಯಮ. ಇವರು ಆ ಹೆಸರನ್ನು ಮತ್ತೊಮ್ಮೆ ಕೇಳಿದರು. ದಡದವನು ಮತ್ತೊಮ್ಮೆ ಕಳಿಸಿದ, ನಿಧಾನವಾಗಿ, ಸ್ಪಷ್ಟವಾಗಿ. ಸುದ್ದಿ ಮುಟ್ಟಿತು ಎಂದು ಇವರು ಉತ್ತರ ಕೊಟ್ಟರು.

"ಆ ಚಿತ್ರ ಬರೆಯುವವನಿಗೆ ಸುದ್ದಿ ತಡವಾಗಿ ಮುಟ್ತು. ನಂಗೆ ಹೊತ್ತಿಗೆ ಸರಿಯಾಗಿ ಮುಟ್ತು ತಂಗಿ. ಮನೆ ಮುಟ್ಟೂಕೆ ಮಾತ್ರ ಇಬ್ಬರಿಗೂ ಆಗಿಲ್ಲ" ಎಂದರು.

ಮಳೆಯ ಕಡೆಯೇ ನೋಡುತ್ತ ಮತ್ತೆ ಹೇಳಿದರು. "ನಾ ಮುಟ್ತು ಅಂದೆ, ಮುಳ್ಳು ಕೆಂಪಿಗೆ ಬಂತು. ಎಲ್ಲಾ ಹಡಗೂ ಸುಮ್ಮನಾಯ್ತು. ಇಡೀ ಸಮುದ್ರ ಸುಮ್ಮನಾಯ್ತು. ನಿಯಮ ಅದು, ಅವಳಿಗೆ ಅಂತ ಯಾರೂ ಮಾಡಿದ್ದಲ್ಲ. ಆದ್ರೂ ನಂಗೆ ಮತ್ತೆ ಅದನ್ನ ಬಿಡೂಕೆ ಆಗಿಲ್ಲ."

ಅಮ್ಮ ಇನ್ನೂ ಒಂದು ವರ್ಷ ನಾಲ್ಕು ತಿಂಗಳು ಬದುಕಿದಳು. ಆ ದಿನಗಳನ್ನು ನೆನೆದರೆ ನನಗೆ ಕಾಯಿಲೆಯ ವಾಸನೆ ನೆನಪಾಗುವುದಿಲ್ಲ. ಮಧ್ಯಾಹ್ನದ ಅರೆಬೆಳಕಿನಲ್ಲಿ ದುಂಬಿಯ ಹಾಗೆ ಹಾಡುವ ಬಜರು, ಪಕ್ಕದಲ್ಲಿ ಪೆನ್ಸಿಲ್ ಹಿಡಿದು ತಲೆ ವಾಲಿಸಿ ಕೂತ ಮಾಮ, ಅಷ್ಟೇ. ಅಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಕುಶಲ ಕೇಳಿದಳು. ಚಿಕ್ಕಮ್ಮನ ಸಾರಿಗೆ ಹುಳಿ ಹೆಚ್ಚಾದದ್ದನ್ನು ವಾಸನೆಯಲ್ಲೇ ಹಿಡಿದು ಹೇಳಿದಳು. ಮಾಮನ ಅಕ್ಷರಮಾಲೆಯಲ್ಲಿ ಇನ್ನೂ ಎಷ್ಟೋ ತಪ್ಪು ತೆಗೆದಳು. ಒತ್ತಕ್ಷರ ಬರೆಯುವ ಸುಲಭದ ಉಪಾಯವೊಂದು ಅವಳದೇ. ಕೊನೆಯ ವಾರ ಬೆರಳಿಗೆ ಗೆರೆ ಹಿಡಿಯಲಾಗದೆ ಮಾತೆಲ್ಲ ಬರೀ ಚುಕ್ಕೆಗಳಾಯಿತು. ಮಾಮ ಆ ಚುಕ್ಕೆಗಳನ್ನೂ ಬರೆದುಕೊಂಡರು.

ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ಅವರು ಒಂದು ದಪ್ಪ ವಹಿ ತಂದುಕೊಟ್ಟರು. ಹಡಗಿನಲ್ಲಿ ಬಂದ ಸಂದೇಶಗಳನ್ನೆಲ್ಲ ದಾಖಲಿಸುವ ಹಾಗೆ, ಅಮ್ಮ ಆಡಿದ ಪ್ರತಿಯೊಂದು ಮಾತನ್ನೂ ದಿನ, ಹೊತ್ತು ಹಾಕಿ ಬರೆದಿಟ್ಟಿದ್ದರು. ನಾನು ಕಚೇರಿಯಲ್ಲಿದ್ದಾಗ ಆಡಿದ ಮಾತುಗಳೂ ಅದರಲ್ಲಿದ್ದವು. ಒಂದು ಪುಟದ ಮೂಲೆಯಲ್ಲಿ, ಮಧ್ಯಾಹ್ನ ಮೂರೂ ಹತ್ತಕ್ಕೆ: ಅವಳಿಗೆ ಸೆಕೆಯಾಗುತ್ತದೆ, ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗಲಿ.

ಆಮೇಲೆ ಮಾಮ ಆ ಅಕ್ಷರಮಾಲೆಯನ್ನು ಎಲ್ಲಿಗಾದರೂ ಕಳಿಸಬೇಕಿತ್ತು, ಹೆಸರು ಬರುತ್ತಿತ್ತು ಎಂದು ಹಲವರು ಹೇಳಿದರು. ಅವರು ಕಳಿಸಲಿಲ್ಲ. ಬಸ್ಸು ಹತ್ತಿ ತಾವೇ ಹೋಗತೊಡಗಿದರು. ಅಂಕೋಲೆಯಿಂದ ಒಳಗೆ, ಕಾಡಿನ ನಡುವಿನ ಹಿಲ್ಲೂರಿನಲ್ಲಿ, ಲಕ್ವ ಹೊಡೆದು ಮಲಗಿದ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದರು. ಮಾತಿಲ್ಲ, ಕೈಯಿಲ್ಲ, ಬಲಗಾಲಿನ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು. ಬ್ರೇಕು ಒತ್ತಿ ಒತ್ತಿ ಪಳಗಿದ ಕಾಲು, ಬೇಗ ಕಲಿಯುತ್ತದೆ ಎಂದು ಮಾಮ ಹುರುಪಿನಲ್ಲಿದ್ದರು. ವಾರಕ್ಕೆ ಎರಡು ದಿನ, ಆ ವಯಸ್ಸಿನಲ್ಲಿ, ತಿರುವು ರಸ್ತೆಯಲ್ಲಿ ಹೋಗಿ ಬರುತ್ತಿದ್ದರು.

ಆ ದಶಕ ಮುಗಿಯುತ್ತ ಬಂದ ಒಂದು ಆಷಾಢದ ಮಧ್ಯಾಹ್ನ, ಜಗಲಿಯ ಕುರ್ಚಿಯಲ್ಲಿ ಕೂತಲ್ಲೇ ಮಾಮ ಹೋದರು. ಮೊದಲು ನೋಡಿದ್ದು ಮೀನು ಮಾರಲು ಬಂದವಳು. ಮಾಮ ಮಾತಿನ ಮಧ್ಯೆ ನಿಲ್ಲಿಸಿದ್ದಾರೆಂದುಕೊಂಡು ಅವಳು ಬುಟ್ಟಿ ಇಳಿಸಿ ಬಹಳ ಹೊತ್ತು ಕಾದಳಂತೆ. ಕೇಣಿಯ ಅವರ ನೆಂಟರು ಬಂದು ಎಲ್ಲ ಮಾಡಿದರು. ಮೇಜಿನ ಮೇಲೆ ಹಿಲ್ಲೂರಿನವರ ಹೆಸರಿನ ತೆಳ್ಳಗಿನ ವಹಿ ಇತ್ತು. ಕಲಿಸಿದ ಅಕ್ಷರಗಳ ಮುಂದೆ ಗುರುತು, ಕಲಿಸಬೇಕಾದವುಗಳ ಮುಂದೆ ಖಾಲಿ.

ಆ ಭಾನುವಾರ ನಾನು ಹಿಲ್ಲೂರಿನ ಬಸ್ಸು ಹತ್ತಿದೆ. ಡ್ರೈವರ್ ಹೆಂಡತಿ ಅಂಗಳದಲ್ಲೇ ಎದುರಾಗಿ, ಮಾಮನಿಗೆ ಹುಷಾರಿಲ್ಲವಾ, ಎರಡು ಪಾಠ ತಪ್ಪಿತು ಎಂದು ಕೇಳಿದಳು. ಅವರಿಗೆ ಯಾರೂ ತಿಳಿಸಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ. ಒಳಗೆ ಕರೆದುಕೊಂಡು ಹೋದಳು. ಡ್ರೈವರ್ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ವಹಿಯನ್ನು ನೋಡಿದರು. ಕಾಲಿನ ಹೆಬ್ಬೆರಳು ಗುಂಡಿಯ ಮೇಲೆ ಇಳಿಯಿತು. ಮಾಮ ಎಲ್ಲಿ?

ಹೇಳಿದೆ. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಿಗೆ ಒರಗಿದಳು. ಅವರು ಕಣ್ಣು ಮುಚ್ಚಿದರು. ಹೊರಗೆ ಕಾಡಿನ ಮೇಲೆ ಮಳೆ ಬಂದು, ನಿಂತು, ಮತ್ತೆ ಬಂತು. ನಾನು ಎದ್ದು ಹೋಗುವುದೋ ಕೂತಿರುವುದೋ ತಿಳಿಯದೆ ಸ್ಟೂಲಿನ ಅಂಚಿನಲ್ಲಿದ್ದೆ. ಬಜರು ಸದ್ದು ಮಾಡಿತು. ಒಂದೇ ಶಬ್ದ, ನಿಧಾನವಾಗಿ: ಮುಂದೆ.

ನಾನು ವಹಿ ತೆರೆದು, ಗುರುತು ಬೀಳದ ಮೊದಲನೆಯ ಅಕ್ಷರದ ಕೆಳಗೆ ಬೆರಳಿಟ್ಟೆ.